102 ರನ್ನು, 504 ವಿಕೆಟ್ಟು

ನಮ್ಮ ತರಗತಿಯಲ್ಲಿ ನನ್ನ ಹೆಸರಿನವರು ಮೂವರಿದ್ದಾರೆ. ಆದುದರಿಂದ ಗುರುತಿಗೆಂದು ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಅಂಟಿಕೊಂಡಿದೆ. ನನ್ನದು ‘ನೂರೆರಡು’. ಇದು ನನ್ನ ಹಾಜರಿ ಸಂಖ್ಯೆಯಿರಬಹುದೆಂದು ನಮ್ಮ ಅಧ್ಯಾಪಕರೊಬ್ಬರು ಬಹುಕಾಲ ತಿಳಿದಿದ್ದರಂತೆ. ಹಾಜರಿ ಪುಸ್ತಕದಲ್ಲಿ ನನ್ನ ಸಂಖ್ಯೆ ಬೇರೆಯಿದೆ. ಈ ಹೆಸರಿನ ಮೂಲವನ್ನು ಹೇಳಬೇಕಾದರೆ ಮೊದಲು ನನ್ನದೇ ಒಂದು ಅವಮಾನದ ಕಥೆಯನ್ನು ಹೇಳಬೇಕು. ಅದು ಬಹಳ ಚಿಕ್ಕದು, ವಾಚಕರು ಸೈರಿಸಬೇಕು.

ಕಳೆದ ವರ್ಷದ ಅಂತರ ಕಾಲೇಜು ಕ್ರಿಕೆಟ್ ಪಂದ್ಯವೊಂದರಲ್ಲಿ ಎದುರಾಳಿಗಳಿಗೆ ಕೊನೆಯ ಓವರಿನಲ್ಲಿ 13 ರನ್ನು ಬೇಕಾಗಿದ್ದವು. ಚೆಂಡು ನನ್ನ ಕೈಯಲ್ಲಿತ್ತು. ನಾಲ್ಕು, ಆರು, ಮತ್ತೆ ನಾಲ್ಕು. ಪಂದ್ಯ ಮುಗಿದಾಗ ಇನ್ನೂ ಮೂರು ಚೆಂಡು ಬಾಕಿಯಿದ್ದವು. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕಡೆಗೆ ಹಿಂದಿನ ಸೀಟಿನಿಂದ ಒಂದು ದನಿ ಬಂದಿತು: “ವಿನಯ್ ಕುಮಾರ್ ಬೆಂಗಳೂರಾಗೆ ಕೊಟ್ಟಂಗೆ ಕೊಟ್ಟ ನೋಡ್ರಲೇ. ನೂರೆರಡು!” ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆನೆಂದೇ ತೋರುತ್ತದೆ. ಆದರೆ ಮರುದಿನದಿಂದ ಎರಡು ವಾರ ಆಟದ ಬಯಲಿಗೆ ಹೋಗಲಿಲ್ಲ. ತರಗತಿ ಮುಗಿದೊಡನೆ ಹರಿಹರದ ಬಸ್ಸು ಹತ್ತಿ ಮನೆ ಸೇರುತ್ತಿದ್ದೆ.

ಆ ಎರಡು ವಾರಗಳಲ್ಲಿ ನನ್ನನ್ನು ಕಾಡಿದ್ದು ಒಂದು ವಿಚಿತ್ರ. ದಾವಣಗೆರೆಯಲ್ಲಿ ಯಾವ ಹುಡುಗನಾದರೂ ಚೆನ್ನಾಗಿ ಬೌಲ್ ಮಾಡಿದರೆ “ಇನ್ನೊಬ್ಬ ವಿನಯ್ ಕುಮಾರ್ ಹುಟ್ಟಿದ” ಎನ್ನುತ್ತಾರೆ. ಕೆಟ್ಟದಾಗಿ ಬೌಲ್ ಮಾಡಿದರೂ ಅದೇ ಹೆಸರನ್ನೇ ಎತ್ತುತ್ತಾರೆ. ಒಬ್ಬ ಮನುಷ್ಯನ ಹೆಸರು ಹೊಗಳಿಕೆಗೂ ಬೈಗುಳಕ್ಕೂ ಹೇಗೆ ಒದಗಿತು? ನಾನು ಹಳೆಯ ಪಂದ್ಯಗಳ ಲೆಕ್ಕಪಟ್ಟಿಗಳನ್ನು ಹುಡುಕಿ ಓದತೊಡಗಿದೆ. ಈ ಲೇಖನ ಆ ಓದಿನ ಫಲ.

ರಂಗನಾಥ್ ವಿನಯ್ ಕುಮಾರರು ಹುಟ್ಟಿದ್ದು 1984ರ ಫೆಬ್ರವರಿ 12ರಂದು, ದಾವಣಗೆರೆಯಲ್ಲಿ. ಆಗ ದಾವಣಗೆರೆಯೂ ನಮ್ಮ ಹರಿಹರವೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅವರಿಗೆ ಹದಿಮೂರು ವರ್ಷವಾದಾಗ. ಹತ್ತಿಯ ಗಿರಣಿಗಳಿಗೂ ಬೆಣ್ಣೆದೋಸೆಗೂ ಹೆಸರಾದ ಈ ಊರಿನಿಂದ ಭಾರತ ತಂಡಕ್ಕೆ ವೇಗದ ಬೌಲರನೊಬ್ಬ ಹೋಗಬಹುದೆಂದು ಅಂದು ಹೇಳಿದ್ದರೆ ನಂಬುವವರು ವಿರಳವಾಗಿದ್ದಿರಬೇಕು. ನಮ್ಮಂಥ ಊರುಗಳಲ್ಲಿ ಹುಡುಗರು ಆಡುವುದು ಸಾಮಾನ್ಯವಾಗಿ ಮ್ಯಾಟಿನ ಮೇಲೆ. ಗಟ್ಟಿ ನೆಲದ ಮೇಲೆ ನಾರಿನ ಚಾಪೆಯನ್ನು ಎಳೆದು ಮೊಳೆ ಹೊಡೆದು ಬಿಗಿದರೆ ಅದೇ ಪಿಚ್ಚು. ಹುಲ್ಲಿನ ಪಿಚ್ಚಿನಲ್ಲಿ ಚೆಂಡು ಹೇಗೆ ನಡೆದುಕೊಳ್ಳುವುದೆಂಬುದನ್ನು ನಮ್ಮ ಹುಡುಗರು ತಿಳಿಯುವ ಹೊತ್ತಿಗೆ ಬೆಂಗಳೂರಿನ ಹುಡುಗರು ನಾಲ್ಕು ವರ್ಷ ಮುಂದೆ ಹೋಗಿರುತ್ತಾರೆ. ಈ ಮಾತನ್ನು ದೂರಾಗಿ ಹೇಳುತ್ತಿಲ್ಲ. ವಿನಯ್ ಕುಮಾರರು ದಾಟಿದ ಅಗಲವೆಷ್ಟು ಎಂಬುದನ್ನು ತಿಳಿಸಲು ಹೇಳಿದೆ, ಅಷ್ಟೆ.

ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್ ಇವರ ಕಾಲ ಮುಗಿಯುತ್ತ ಬಂದಾಗ ಕರ್ನಾಟಕಕ್ಕೆ ಹೊಸ ಚೆಂಡನ್ನು ಹಿಡಿಯುವವರು ಬೇಕಾಗಿದ್ದರು. ವಿನಯ್ ಕುಮಾರ್ 2004-05ರ ಸಾಲಿನಲ್ಲಿ ರಾಜ್ಯ ತಂಡಕ್ಕೆ ಬಂದರು. ಮುಂದೆ ಹದಿನಾಲ್ಕು ವರ್ಷಕ್ಕೂ ಮೀರಿ ಕರ್ನಾಟಕಕ್ಕೆ ಹೊಸ ಚೆಂಡೆಂದರೆ ಅವರೇ. ಜೊತೆಗೆ ಅಭಿಮನ್ಯು ಮಿಥುನ್ ಮತ್ತು ಎಸ್. ಅರವಿಂದ್.

ಅವರನ್ನು ಜನ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದರು. ಕ್ರಿಕೆಟ್ಟಿನಲ್ಲಿ ಎಕ್ಸ್‌ಪ್ರೆಸ್ ಎಂಬುದು ಮಿಂಚಿನ ವೇಗದ ಬೌಲರನಿಗೆ ಕೊಡುವ ಬಿರುದು. ಸತ್ಯ ಹೇಳಬೇಕೆಂದರೆ ವಿನಯ್ ಕುಮಾರ್ ಅಂಥ ವೇಗದವರಲ್ಲ. ಅವರ ಚೆಂಡಿನ ವೇಗ ಗಂಟೆಗೆ 130 ಕಿಲೋಮೀಟರಿನ ಆಸುಪಾಸು. ದಿನವೂ ಹರಿಹರ ದಾವಣಗೆರೆಗಳ ನಡುವೆ ಓಡಾಡುವ ನನ್ನಂಥವನ ಕಣ್ಣಿಗೆ ಅವರು ಎಕ್ಸ್‌ಪ್ರೆಸ್ಸಿಗಿಂತ ಪ್ಯಾಸೆಂಜರು ರೈಲಿಗೇ ಹೆಚ್ಚು ಹತ್ತಿರ. ಅದು ಯಾವ ನಿಲ್ದಾಣವನ್ನೂ ಬಿಡುವುದಿಲ್ಲ. ಬಿಸಿಲಿರಲಿ ಮಳೆಯಿರಲಿ, ಬರುವುದನ್ನೂ ತಪ್ಪಿಸುವುದಿಲ್ಲ.

ಹಾಗಾದರೆ ಆ ವೇಗದಲ್ಲಿ ಅವರು ಅಷ್ಟೊಂದು ವಿಕೆಟ್ಟುಗಳನ್ನು ಪಡೆದದ್ದು ಹೇಗೆ? ಕ್ರಿಕೆಟ್ ಚೆಂಡಿನ ನಡುವೆ ದಾರದ ಹೊಲಿಗೆಯ ಒಂದು ಏಣು ಇರುತ್ತದೆ. ಬೌಲರು ಚೆಂಡಿನ ಒಂದು ಮಗ್ಗುಲನ್ನು ಚಲ್ಲಣಕ್ಕೆ ಉಜ್ಜಿ ನುಣುಪಾಗಿಟ್ಟುಕೊಳ್ಳುತ್ತಾರೆ, ಇನ್ನೊಂದು ಮಗ್ಗುಲು ಒರಟಾಗುತ್ತ ಹೋಗುತ್ತದೆ. ಹೊಲಿಗೆಯನ್ನು ನೇರವಾಗಿ ನಿಲ್ಲಿಸಿ, ತುಸು ಸ್ಲಿಪ್ಪಿನ ಕಡೆಗೆ ತಿರುಗಿಸಿ ಎಸೆದರೆ ಹೊಲಿಗೆಯ ಬದಿಯ ಗಾಳಿ ಕಲಕಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ನುಣುಪಾದ ಬದಿಯ ಗಾಳಿ ಬೇಗ ಕಳಚಿಕೊಳ್ಳುತ್ತದೆ. ಈ ವ್ಯತ್ಯಾಸದಿಂದ ಚೆಂಡು ಹೊಲಿಗೆ ತೋರಿಸಿದ ದಿಕ್ಕಿಗೆ ಬಾಗುತ್ತದೆ. ಬಲಗೈ ದಾಂಡಿಗನಿಂದ ದೂರ ಬಾಗುವ ಈ ಚೆಂಡೇ ಔಟ್‌ಸ್ವಿಂಗರ್. ಇದು ವಿನಯ್ ಕುಮಾರರ ಮುಖ್ಯ ಆಯುಧ. ಇದರ ಸ್ವಾರಸ್ಯವೆಂದರೆ ಇದಕ್ಕೆ ಅತಿ ವೇಗ ಬೇಕಿಲ್ಲ. ಚೆಂಡು ಕೈಬಿಡುವ ಗಳಿಗೆಯಲ್ಲಿ ಮಣಿಕಟ್ಟು ಚೆಂಡಿನ ಹಿಂದೆ ನೇರವಾಗಿರಬೇಕು. ಒಂದಿಷ್ಟು ವಾಲಿದರೂ ಹೊಲಿಗೆ ತತ್ತರಿಸುತ್ತದೆ, ಚೆಂಡು ಸಪ್ಪೆಯಾಗುತ್ತದೆ. ಒಂದೇ ಮಣಿಕಟ್ಟು, ಒಂದೇ ಜಾಗ, ದಿನಕ್ಕೆ ಇಪ್ಪತ್ತು ಓವರು, ವರ್ಷಕ್ಕೆ ಹತ್ತು ಪಂದ್ಯ. ನಾನೂ ಇದನ್ನು ಪ್ರಯತ್ನಿಸಿ ನೋಡಿದ್ದೇನೆ. ಆರರಲ್ಲಿ ಎರಡು ಚೆಂಡು ಹೇಳಿದ ಮಾತು ಕೇಳುತ್ತವೆ.

ಭಾರತ ತಂಡದ ಬಾಗಿಲು ಅವರಿಗೆ ತೆರೆದದ್ದು 2010ರಲ್ಲಿ. ಆ ವರ್ಷದ ಮೇ ತಿಂಗಳಿನಲ್ಲಿ ವೆಸ್ಟ್ ಇಂಡೀಸಿನಲ್ಲಿ ನಡೆದ ಟ್ವೆಂಟಿ-20 ವಿಶ್ವಕಪ್ಪಿನಲ್ಲಿ ಶ್ರೀಲಂಕಾದ ವಿರುದ್ಧ ಮೊದಲ ಪಂದ್ಯವಾಡಿದರು. ಅದೇ ತಿಂಗಳ ಕೊನೆಯಲ್ಲಿ ಜಿಂಬಾಬ್ವೆಯ ವಿರುದ್ಧ ಮೊದಲ ಏಕದಿನ ಪಂದ್ಯ. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡಿನ ವಿರುದ್ಧ 30 ರನ್ನಿಗೆ 4 ವಿಕೆಟ್ ಪಡೆದರು. 2012ರ ಜನವರಿಯಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ಟೆಸ್ಟ್ ಟೊಪ್ಪಿಗೆ ದೊರೆಯಿತು. ಅದೇ ಅವರ ಮೊದಲನೆಯ ಟೆಸ್ಟು, ಅದೇ ಕೊನೆಯದು. ಡೇವಿಡ್ ವಾರ್ನರ್ 180 ರನ್ನು ಹೊಡೆದ ಆ ಇನ್ನಿಂಗ್ಸಿನಲ್ಲಿ ವಿನಯ್ ಕುಮಾರ್ 13 ಓವರು ಎಸೆದು 73 ರನ್ನು ಕೊಟ್ಟು ಮೈಕೆಲ್ ಹಸ್ಸಿಯ ಒಂದು ವಿಕೆಟ್ ಪಡೆದರು. ಗಟ್ಟಿಯಾಗಿ ಪುಟಿಯುವ ಆ ಪಿಚ್ಚಿನ ಮೇಲೆ ಅವರ ವೇಗ ಸಾಲದೆಂದು ಅಂದು ಪಂಡಿತರೆಲ್ಲ ಬರೆದರು. ಅದು ಸುಳ್ಳೆಂದು ನಾನು ವಾದಿಸಲಾರೆ. ಆದರೆ ಹದಿಮೂರು ಓವರುಗಳಲ್ಲಿ ಒಬ್ಬನ ಬಾಳಿನ ಒಂದು ಅಧ್ಯಾಯವನ್ನು ತೆರೆದು ಮುಚ್ಚಿಬಿಡುವುದು ನನಗೆ ಅವಸರವೆಂದೇ ಕಾಣುತ್ತದೆ.

ಇನ್ನು ಆ ನೂರೆರಡು.

2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಆಸ್ಟ್ರೇಲಿಯಗಳ ಏಕದಿನ ಸರಣಿಯ ಕೊನೆಯ ಪಂದ್ಯ ನಡೆಯಿತು. ತಮ್ಮ ರಾಜ್ಯದ ಜನರ ಮುಂದೆ ವಿನಯ್ ಕುಮಾರ್ 9 ಓವರುಗಳಲ್ಲಿ 102 ರನ್ನು ಕೊಟ್ಟರು, ಪಡೆದದ್ದು ಒಂದು ವಿಕೆಟ್. ಅದು ಅವರ ಕೊನೆಯ ಏಕದಿನ ಪಂದ್ಯವೂ ಆಯಿತು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಲೆಕ್ಕಪಟ್ಟಿಯನ್ನು ಪೂರ್ತಿ ಓದಿದರೆ ಬೇರೆ ಸಂಗತಿಗಳೂ ಕಾಣುತ್ತವೆ. ಅಂದು ಭಾರತ 383 ರನ್ನು ಮಾಡಿತು. ರೋಹಿತ್ ಶರ್ಮ ಒಬ್ಬರೇ 209 ರನ್ನು, ಅದರಲ್ಲಿ 16 ಸಿಕ್ಸರು. ಆಸ್ಟ್ರೇಲಿಯ 326 ಮಾಡಿತು. ಎರಡೂ ಕಡೆಯಿಂದ ಒಟ್ಟು 38 ಸಿಕ್ಸರುಗಳು. ಅದಕ್ಕೆ ಮೊದಲು ಅದೇ ಸರಣಿಯಲ್ಲಿ ಜೈಪುರದಲ್ಲಿ 360 ರನ್ನಿನ ಗುರಿಯನ್ನು ಭಾರತ ಒಂದೇ ವಿಕೆಟ್ ಕಳೆದುಕೊಂಡು, ಆರು ಓವರಿಗೂ ಮಿಕ್ಕು ಉಳಿದಿರುವಾಗಲೇ ಮುಟ್ಟಿತ್ತು. ನಾಗಪುರದಲ್ಲಿ 351ರ ಗುರಿಯೂ ಹಾಗೆಯೇ ಕರಗಿತ್ತು.

ಬೌಲರುಗಳಿಗೆಲ್ಲ ಒಮ್ಮೆಗೇ ಬುದ್ಧಿ ಕೆಟ್ಟಿತ್ತೇ? ಇಲ್ಲ, ನಿಯಮ ಬದಲಾಗಿತ್ತು. 2011ರಿಂದ ಏಕದಿನ ಪಂದ್ಯದಲ್ಲಿ ಎರಡೂ ತುದಿಗಳಿಂದ ಒಂದೊಂದು ಹೊಸ ಚೆಂಡು ಬಳಕೆಗೆ ಬಂದಿತು. ಹೀಗಾಗಿ ಆಗ ಚೆಂಡು ಹಳತಾಗುತ್ತಲೇ ಇರಲಿಲ್ಲ, ಕೊನೆಯ ಓವರಿನಲ್ಲೂ ಗಟ್ಟಿಯಾಗಿ ದಾಂಡಿನಿಂದ ಚಿಮ್ಮುತ್ತಿತ್ತು. 2012ರಿಂದ ಒಳವರ್ತುಲದ ಹೊರಗೆ ನಾಲ್ವರನ್ನು ಬಿಟ್ಟು ಹೆಚ್ಚು ಜನರನ್ನು ನಿಲ್ಲಿಸುವಂತಿರಲಿಲ್ಲ. ಬೌಂಡರಿಯ ಉದ್ದಕ್ಕೂ ನಾಲ್ವರೇ ಕಾವಲುಗಾರರು! ಈ ನಿಯಮ ಬೌಲರಿಗೆ ಭಾರವೆಂದು ಕಂಡುಕೊಂಡು 2015ರಲ್ಲಿ ಕೊನೆಯ ಹತ್ತು ಓವರಿಗೆ ಐವರನ್ನು ಒಪ್ಪಿದರು. ಇದಕ್ಕೆ ಬೆಂಗಳೂರಿನ ಕಿರಿದಾದ ಬಯಲನ್ನು ಸೇರಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಊರಿನ ತೆಳುವಾದ ಗಾಳಿಯನ್ನೂ ಸೇರಿಸಿ, ಅಲ್ಲಿ ಚೆಂಡು ತುಸು ಹೆಚ್ಚು ದೂರ ಹೋಗುತ್ತದೆ. ಇಷ್ಟಾದರೂ 9 ಓವರಿಗೆ 102 ಕೆಟ್ಟ ಲೆಕ್ಕವೇ. ನೆಪ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಸಂಗತಿಯನ್ನು ಬಸ್ಸಿನಲ್ಲಿ ನಕ್ಕ ನನ್ನ ಗೆಳೆಯರಾರೂ ಅರಿತಿರಲಿಲ್ಲ: ಆ ಪಂದ್ಯವನ್ನು ಭಾರತ 57 ರನ್ನಿನಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು.

ಈ ವಿಷಯವನ್ನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ತಂದೆಯವರಿಗೆ ಹೇಳಿದೆ. ಅವರು ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಕ್ರಿಕೆಟ್ಟಿನ ಗಂಧ ಅವರಿಗೆ ಅಷ್ಟಾಗಿ ಇಲ್ಲ. ಮುದ್ದೆ ಮುರಿಯುತ್ತ ಕೇಳಿ, “ದಿನಾ ಚೀಲ ಹೊರ್ತೀವಪ್ಪ, ಯಾರೂ ಎಣಿಸಲ್ಲ. ಒಂದಿನ ಒಂದು ಚೀಲ ಕೆಡವಿದ್ರೆ ಸಾಹುಕಾರ್ರು ವರ್ಷಗಟ್ಲೆ ಅದನ್ನೇ ಹೇಳ್ತಿರ್ತಾರೆ” ಎಂದರು. ಆಮೇಲೆ, “ಅದಿರ್ಲಿ, ಆ ಮನುಷ್ಯ ಮಾರನೇ ದಿನ ಕೆಲ್ಸಕ್ಕೆ ಹೋದ್ನೋ ಇಲ್ವೋ?” ಎಂದು ಕೇಳಿದರು.

ಹೋದರು. ಅದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಆ ನವೆಂಬರಿನಿಂದ ಮೂರು ತಿಂಗಳು ತುಂಬುವ ಹೊತ್ತಿಗೆ, 2014ರ ಫೆಬ್ರವರಿ 2ರಂದು, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್ಟುಗಳಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿಯನ್ನು ಗೆದ್ದಿತು. ನಾಯಕರು ವಿನಯ್ ಕುಮಾರ್. 1998-99ರ ನಂತರ ಹದಿನೈದು ವರ್ಷ ಕರ್ನಾಟಕ ಆ ಬಟ್ಟಲನ್ನು ಮುಟ್ಟಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಅಂತಿಮ ಪಂದ್ಯದಲ್ಲಿ ಮುಂಬಯಿಗೆ ಬರಿಯ 6 ರನ್ನಿನಿಂದ ಸೋತ ತಂಡದಲ್ಲಿ ಅವರೂ ಇದ್ದರು. ಅದೇ ಸಾಲಿನಲ್ಲಿ ಇರಾನಿ ಕಪ್ಪು ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ಬಂದವು. ಮರುವರ್ಷ ಮೂರಕ್ಕೆ ಮೂರೂ ಮತ್ತೆ ಬಂದವು.

ಆ ಮರುವರ್ಷದ ಅಂತಿಮ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2015ರ ಮಾರ್ಚ್, ಮುಂಬಯಿಯ ವಾಂಖೆಡೆ ಕ್ರೀಡಾಂಗಣ, ಎದುರಾಳಿ ತಮಿಳುನಾಡು. ಮೊದಲ ದಿನವೇ ತಮಿಳುನಾಡು 134ಕ್ಕೆ ಮುಗಿಯಿತು. ವಿನಯ್ ಕುಮಾರ್ 34 ರನ್ನಿಗೆ 5 ವಿಕೆಟ್. ಕರ್ನಾಟಕವೂ 84ಕ್ಕೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿತು. ಆಗ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ 386 ರನ್ನು ಕೂಡಿಸಿದರು. ಕರುಣರ 328 ಎಲ್ಲರಿಗೂ ನೆನಪಿದೆ, ರಾಹುಲರ 188 ಕೂಡ. ಆ ಬಳಿಕ ಬಂದು ಔಟಾಗದೆ 105 ರನ್ನು ಮಾಡಿದವರು ಯಾರೆಂದು ನಮ್ಮ ತರಗತಿಯಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಅದು ನಾಯಕರೇ. ಕರ್ನಾಟಕ 762 ರನ್ನು ಮಾಡಿ ಇನ್ನಿಂಗ್ಸ್ ಮತ್ತು 217 ರನ್ನಿನಿಂದ ಗೆದ್ದಿತು. ಬೆಂಗಳೂರಿನ 102ನ್ನು ಬಾಯಿಪಾಠ ಮಾಡಿದವರಿಗೆ ಮುಂಬಯಿಯ 105 ಗೊತ್ತಿಲ್ಲದಿರುವುದು ನನಗೆ ಸೋಜಿಗವೆನಿಸಿತು.

ಈ ಮರೆವಿಗೆ ಕಾರಣವಿಲ್ಲದಿಲ್ಲ. ಗಳಿಸುವವನನ್ನು ಕೊಂಡಾಡಿದಂತೆ ತಡೆಯುವವನನ್ನು ಲೋಕ ಕೊಂಡಾಡುವುದಿಲ್ಲ. ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಗುಣವೂ ಅಲ್ಲ. ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಕೋಳಿಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಒಂದು ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡು ಹಿಡಿದ ಪಕ್ಷ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಅಲ್ಲಿ ನುಗ್ಗುವವರ ಪಡೆಯೇ ಬೇರೆ, ತಡೆಯುವವರ ಪಡೆಯೇ ಬೇರೆ. ನಮ್ಮ ಕಬಡ್ಡಿಯ ಹಿಡಿತಗಾರರನ್ನು ನೆನೆದರೆ ತಡೆಯುವವರ ಕೆಲಸ ಸುಮಾರಾಗಿ ಅರ್ಥವಾದೀತು. ಡೀಕನ್ ಜೋನ್ಸ್ ಎಂಬ ಕರಿಯ ಆಟಗಾರ 1961ರಿಂದ ಲಾಸ್ ಏಂಜಲೀಸಿನ ರ‍್ಯಾಮ್ಸ್ ತಂಡದಲ್ಲಿ ತಡೆಪಡೆಯ ಸಾಲಿನಲ್ಲಿ ಆಡಿದ. ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ಹದಿನಾಲ್ಕನೆಯ ಸುತ್ತಿನವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಎದುರಾಳಿಯ ಮುಖ್ಯ ಆಟಗಾರ ಚೆಂಡನ್ನು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವುವುದಕ್ಕೆ ‘ಸ್ಯಾಕ್’ ಎಂಬ ಹೆಸರು ಬಂದದ್ದು ಈತನಿಂದಲೇ ಎನ್ನುತ್ತಾರೆ. ಆದರೆ ಅವನಾಡಿದ ಕಾಲದುದ್ದಕ್ಕೂ ಸ್ಯಾಕುಗಳನ್ನು ಆಟದ ಅಧಿಕೃತ ಪುಸ್ತಕದಲ್ಲಿ ಆಟಗಾರನ ಹೆಸರಿಗೆ ಬರೆಯುತ್ತಿರಲಿಲ್ಲ! ಬರೆಯತೊಡಗಿದ್ದು 1982ರಲ್ಲಿ, ಅವನು ಬಯಲಿನಿಂದ ನಿವೃತ್ತನಾಗಿ ಎಂಟು ವರ್ಷ ಕಳೆದ ಮೇಲೆ. ಪುಣ್ಯಕ್ಕೆ ಕ್ರಿಕೆಟ್ಟಿನ ಪುಸ್ತಕದಲ್ಲಿ ವಿಕೆಟ್ಟುಗಳನ್ನಾದರೂ ಬರೆಯುತ್ತಾರೆ. ಓದುವವರು ಬೇಕು.

ಓದಿದರೆ ಸಿಗುವುದು ಇದು. ಪ್ರಥಮ ದರ್ಜೆಯ 139 ಪಂದ್ಯಗಳಲ್ಲಿ ವಿನಯ್ ಕುಮಾರರಿಗೆ 504 ವಿಕೆಟ್ಟುಗಳು, ಒಂದೊಂದಕ್ಕೂ ಸರಾಸರಿ 22 ರನ್ನಿನ ಸುಮಾರು. ಭಾರತದ ಪರ 31 ಏಕದಿನ ಪಂದ್ಯಗಳಲ್ಲಿ 38. ಐ.ಪಿ.ಎಲ್.ನ 105 ಪಂದ್ಯಗಳಲ್ಲಿ 105. ಪ್ರಥಮ ದರ್ಜೆಯೊಂದರಲ್ಲೇ ಅವರು ಕೊಟ್ಟ ರನ್ನುಗಳು ಹನ್ನೊಂದು ಸಾವಿರವನ್ನು ಮೀರುತ್ತವೆ. ಬೌಲರಾದವನು ಕೊಡದೆ ಪಡೆಯಲಾರ.

2017ರ ಡಿಸೆಂಬರಿನಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ನಾಗಪುರದ ರಣಜಿ ಕ್ವಾರ್ಟರ್ ಫೈನಲಿನಲ್ಲಿ ಅವರು ಮುಂಬಯಿಯ ಎದುರು ಹ್ಯಾಟ್ರಿಕ್ ಪಡೆದರು. ಮೊದಲ ವಿಕೆಟ್ ಪೃಥ್ವಿ ಶಾ. ಒಂದು ಓವರಿನ ಕೊನೆಯಲ್ಲಿ ಒಂದು, ತಮ್ಮ ಮುಂದಿನ ಓವರಿನ ಆರಂಭದಲ್ಲಿ ಎರಡು. ಆ ಇನ್ನಿಂಗ್ಸಿನಲ್ಲಿ 34 ರನ್ನಿಗೆ 6 ವಿಕೆಟ್. ಕರ್ನಾಟಕ ಇನ್ನಿಂಗ್ಸ್ ಮತ್ತು 20 ರನ್ನಿನಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ, ಕಲ್ಕತ್ತೆಯಲ್ಲಿ, ವಿದರ್ಭಕ್ಕೆ 5 ರನ್ನಿನಿಂದ ಸೋತಿತು. ಮೈಸೂರಿನಲ್ಲಿ ಆರು, ಕಲ್ಕತ್ತೆಯಲ್ಲಿ ಐದು! ಅದಾಗಿ ನಾಲ್ಕು ತಿಂಗಳಿಗೆ ಐ.ಪಿ.ಎಲ್.ನಲ್ಲಿ ಚೆನ್ನೈ ತಂಡಕ್ಕೆ ಕೊನೆಯ ಓವರಿನಲ್ಲಿ 17 ಬೇಕಾಗಿದ್ದಾಗ ಕೋಲ್ಕತ್ತ ತಂಡ ಚೆಂಡನ್ನು ಅವರ ಕೈಗೆ ಕೊಟ್ಟಿತು. ಚೆನ್ನೈ ಒಂದು ಚೆಂಡು ಉಳಿದಿರುವಾಗಲೇ ಗೆದ್ದಿತು. ಜನ ಮತ್ತೆ ನಕ್ಕರು. ನಾನೂ ಆಗ ನಕ್ಕವರಲ್ಲೊಬ್ಬನೆಂದು ಒಪ್ಪಿಕೊಳ್ಳಬೇಕು, ಆಗಿನ್ನೂ ಚಿಕ್ಕ ಹುಡುಗ. ಕೊನೆಯ ಓವರೆಂದರೇನೆಂದು ನನಗಿನ್ನೂ ತಿಳಿದಿರಲಿಲ್ಲ.

2019ರಲ್ಲಿ ಅವರು ಕರ್ನಾಟಕವನ್ನು ಬಿಟ್ಟು ಪುದುಚೇರಿಯ ಪರ ಆಡಲು ಹೋದರು. 2021ರ ಫೆಬ್ರವರಿ 26ರಂದು ನಿವೃತ್ತಿಯನ್ನು ಸಾರಿದರು. ಇಪ್ಪತ್ತೈದು ವರ್ಷ ಓಡಿದ ದಾವಣಗೆರೆ ಎಕ್ಸ್‌ಪ್ರೆಸ್ ಹಲವು ನಿಲ್ದಾಣಗಳನ್ನು ದಾಟಿ ಕಡೆಗೆ ನಿವೃತ್ತಿಯೆಂಬ ನಿಲ್ದಾಣವನ್ನು ತಲುಪಿತೆಂಬ ಅರ್ಥದ ಮಾತುಗಳನ್ನು ಅಂದು ಬರೆದರು. ರೈಲಿನ ಹೋಲಿಕೆ ನನಗೊಬ್ಬನಿಗೇ ಹೊಳೆದದ್ದಲ್ಲವೆಂದು ತಿಳಿದು ಆ ದಿನ ಸಂತೋಷವಾಯಿತು.

ನನ್ನ ವಿಷಯ ಇನ್ನೇನೂ ಹೆಚ್ಚಿಲ್ಲ. ಎರಡು ವಾರ ಕಳೆದ ಮೇಲೆ ಬಯಲಿಗೆ ಹಿಂದಿರುಗಿದೆ. ಮ್ಯಾಟಿನ ಮೊಳೆ ಹೊಡೆಯುತ್ತಿದ್ದ ಹುಡುಗರು ತಲೆಯೆತ್ತಿ ನೋಡಿ ಮತ್ತೆ ಮೊಳೆ ಹೊಡೆದರು. ಈ ವರ್ಷದ ಮೊದಲ ಪಂದ್ಯದಲ್ಲಿ ನಾಲ್ಕು ಓವರು ಎಸೆದು 31 ರನ್ನು ಕೊಟ್ಟು 2 ವಿಕೆಟ್ ಪಡೆದೆ. ಒಂದು ವಿಕೆಟ್ ಔಟ್‌ಸ್ವಿಂಗರಿನಿಂದ, ಇನ್ನೊಂದು ದಾಂಡಿಗನ ಅವಸರದಿಂದ. ಕೊನೆಯ ಓವರನ್ನು ನಾಯಕನು ಬೇರೊಬ್ಬನಿಗೆ ಕೊಟ್ಟ. ಪಂದ್ಯ ಗೆದ್ದೆವು. ಹರಿಹರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಬಳಿ ಕುಳಿತಿದ್ದ ಗೆಳೆಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, “ಬಾರಲೇ ನೂರೆರಡು, ಇಲ್ಲೇ ಕುಂದ್ರು” ಎಂದ.